ಸೀಸದ ಲೆಕ್ಕ: ನಿಲ್

2015ರ ಜೂನ್ ನೆನಪಿದೆಯಾ? ಮ್ಯಾಗಿಯಲ್ಲಿ ಸೀಸ (ಲೆಡ್) ಜಾಸ್ತಿ ಇದೆ ಅಂತ ಸುದ್ದಿ ಬಂದಿದ್ದೇ ತಡ, ಅಂಗಡಿಗಳ ಶೆಲ್ಫು ಖಾಲಿ, ಟಿವಿಯಲ್ಲಿ ರಾತ್ರಿಯೆಲ್ಲ ಚರ್ಚೆ, ಸಾವಿರಾರು ಟನ್ ನೂಡಲ್ಸ್ ಸಿಮೆಂಟ್ ಫ್ಯಾಕ್ಟರಿ ಕುಲುಮೆಗೆ. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧ ರದ್ದು ಮಾಡಿತು, ದೀಪಾವಳಿ ಹೊತ್ತಿಗೆ ಪ್ಯಾಕೆಟ್ಟು ವಾಪಸ್ ಬಂತು. ಸೀಸದ ಮೇಲೆ ನಮ್ಮ ಸರ್ಕಾರಕ್ಕೆ ಅಷ್ಟು ಸಿಟ್ಟು ಬಂದಿದ್ದು ಆಮೇಲೆ ನಾನಂತೂ ನೋಡಿಲ್ಲ. ಈಗ ಬರೀ ನಿಯಮ.

ನಿಯಮಕ್ಕೇನೂ ಬರಗಾಲ ಇಲ್ಲ. 2016ರಲ್ಲಿ ಬಣ್ಣದ ನಿಯಮ ಬಂತು. ಮನೆಗೆ ಬಳಿಯೋ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟಬಾರದು, ಹಾಗಂತ ಡಬ್ಬಿ ಮೇಲೆ ಬರೆದಿರಬೇಕು. ಬರೆಯೋದಕ್ಕೇನು, ಬರೆದರಾಯ್ತು! ಶೆಡ್ಡಿನಲ್ಲಿ ಕಲಸಿ ಡಬ್ಬಿಗೆ ತುಂಬುವವರ ಬಣ್ಣದಲ್ಲಿ, ಅದರಲ್ಲೂ ಕಣ್ಣು ಕುಕ್ಕೋ ಹಳದಿಯಲ್ಲಿ, ಆಮೇಲೂ ಸಾವಿರಗಟ್ಟಲೆ ಪಿಪಿಎಂ ಸಿಕ್ಕಿದ್ದುಂಟು. ಇನ್ನು ಕೈಗಾರಿಕೆಗೆ ಅಂತ ಮಾಡಿದ ಬಣ್ಣ ಈ ನಿಯಮಕ್ಕೇ ಸೇರಲ್ಲ. ಸೀಸ ಲೇಬಲ್ ಓದಿಕೊಂಡು ಮನೆ ಗೇಟಿನ ಹೊರಗೇ ನಿಂತುಬಿಡುತ್ತೆ ಅಂತ ನಂಬಿಕೆ ಇರಬೇಕು.

2022ರಲ್ಲಿ ಬ್ಯಾಟರಿ ನಿಯಮ. ಹಳೇ ಬ್ಯಾಟರಿ ವಾಪಸ್ ಪಡೆಯೋ ಜವಾಬ್ದಾರಿ ತಯಾರಕರದ್ದು, ಲೆಕ್ಕವೆಲ್ಲ ಪೋರ್ಟಲ್‌ನಲ್ಲಿ. ಪೋರ್ಟಲ್ ಬಹಳ ಸ್ವಚ್ಛ. ಆದರೆ ಮನೆ ಯುಪಿಎಸ್ ಬ್ಯಾಟರಿ ಸತ್ತಾಗ ಅಂಗಡಿಯವರು ಏನಂತಾರೆ? "ಹಳೇದು ಕೊಡಿ ಸಾರ್, ರೇಟಲ್ಲಿ ಕಮ್ಮಿ ಮಾಡ್ತೀನಿ. ಬಿಲ್ ಬೇಡ ಅಲ್ವಾ?" ನಾವೂ ಬೇಡ ಅಂತೀವಿ. ಬಿಲ್ಲಿಲ್ಲದ ಆ ಬ್ಯಾಟರಿ ಗುಜರಿಗೆ ಬಿದ್ದು, ಅಲ್ಲಿಂದ ಊರಾಚೆಯ ಯಾವುದೋ ಶೆಡ್ಡು ಸೇರಿದರೆ, ಅದನ್ನ ಕೊಡಲಿಯಲ್ಲಿ ಒಡೆದು, ಆಸಿಡ್ಡು ಚರಂಡಿಗೆ ಸುರಿದು, ಒಳಗಿನ ಸೀಸದ ಪ್ಲೇಟುಗಳನ್ನ ತೆರೆದ ಬಾಣಲೆಯಲ್ಲಿ ಕರಗಿಸಿ ಗಟ್ಟಿ ಹೊಯ್ಯುತ್ತಾರೆ. ಹೊಗೆ ಪಕ್ಕದ ಹೊಲಕ್ಕೆ, ಬೂದಿ ಅಲ್ಲೇ ಆಡೋ ಮಕ್ಕಳ ಕೈಗೆ. ಪೋರ್ಟಲ್‌ನಲ್ಲಿ ಹೊಗೆಗೆ ಕಾಲಂ ಇಲ್ಲ.

ತಮಾಷೆ ಇರೋದು ಇಲ್ಲಿ. ಇಷ್ಟೆಲ್ಲ ನಿಯಮ ಬರೆದ ದೇಶದಲ್ಲಿ, ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಊರೂರಲ್ಲಿ ತಪ್ಪದೆ ಅಳೆಯೋ ಏರ್ಪಾಡೇ ಇಲ್ಲ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಅನ್ನೋ ಸಂಸ್ಥೆ ಸೇರಿ, ಭಾರತದಲ್ಲಿ 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ದಾಟಿದೆ ಅಂದವು. ಅದೂ ಅಂದಾಜು. 2022ರಲ್ಲಿ ನೀತಿ ಆಯೋಗವೂ ಒಂದು ವರದಿ ತಂತು, ಅದಕ್ಕೂ ಆಧಾರ ಇದ್ದಬದ್ದ ಹಳೇ ಅಧ್ಯಯನಗಳೇ.

ಯಾಕೆ ಅಳೆಯಲ್ಲ? ನನಗನ್ನಿಸೋದು, ಒಮ್ಮೆ ಅಳೆದಿದ್ದರ ಏಟು ಇನ್ನೂ ಮರೆತಿಲ್ಲ. 1990ರ ದಶಕದ ಕೊನೆಗೆ ಬೆಂಗಳೂರಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜೊತೆಯವರು ಹಲವು ನಗರಗಳಲ್ಲಿ ಸಾವಿರಾರು ಜನರ ರಕ್ತ ಪರೀಕ್ಷೆ ಮಾಡಿ, ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳಲ್ಲಿ ಸೀಸ ಮಿತಿ ಮೀರಿದೆ ಅಂತ ತೋರಿಸಿಬಿಟ್ಟರು. ಕೋರ್ಟಿನ ಒತ್ತಡವೂ ಇತ್ತು. 2000ನೇ ಇಸವಿಗೆ ದೇಶದ ಪೆಟ್ರೋಲಿನಿಂದ ಸೀಸ ತೆಗೆಯಲೇಬೇಕಾಯ್ತು. ನೋಡಿ, ಅಳೆದರೆ ಇದೇ ತಾಪತ್ರಯ. ಕೆಲಸ ಮಾಡಬೇಕಾಗುತ್ತೆ.

ಈಗ ಎಷ್ಟೋ ಆರಾಮ. ಅಂಗನವಾಡಿಯಲ್ಲಿ ಮಗುವಿನ ತೂಕ ನೋಡುತ್ತಾರೆ, ಎತ್ತರ ನೋಡುತ್ತಾರೆ, ಎಲ್ಲವನ್ನೂ ಮೊಬೈಲಿಗೆ ತುಂಬುತ್ತಾರೆ. ಸಾಹೇಬರು ಬರೋ ಮುಂಚೆ ಗೋಡೆಗೆ ಹೊಸದಾಗಿ ಅ ಆ ಇ ಈ ಬರೆಸುತ್ತಾರೆ, ಕಮ್ಮಿ ರೇಟು ಹಾಕಿದವರ ಹಳದಿಯಲ್ಲಿ. ಡಬ್ಬಿಯಲ್ಲಿ ಏನಿತ್ತು ಅಂತ ಯಾರೂ ಕೇಳಲ್ಲ, ಸುಮ್ನೆ ಯಾಕೆ? ಸೀಸದ ಬಣ್ಣದ ಚಕ್ಕೆ ನಾಲಿಗೆಗೆ ಸಿಹಿಯಂತೆ. ಸೀಸ ಮಿದುಳಿಗೆ ಏಟು ಕೊಟ್ಟು ಮಗು ಆಮೇಲೆ ಪಾಠದಲ್ಲಿ ಹಿಂದೆ ಬಿದ್ದರೆ ಟೀಚರು "ಗಮನ ಕೊಡಲ್ಲ" ಅಂತಾರೆ, ಅಪ್ಪ ಟ್ಯೂಷನ್ನಿಗೆ ಹಾಕುತ್ತಾನೆ. ಸೀಸದ ಕೇಸು ಎಷ್ಟಿದೆ ಅಂತ ಮೇಲಿನಿಂದ ಯಾರಾದರೂ ಕೇಳಿದರೆ ಜಿಲ್ಲೆಯವರು ತಡಕಾಡೋದೇ ಬೇಡ, ಒಂದೇ ಪದದ ಉತ್ತರ ರೆಡಿ: ನಿಲ್.