ಸತ್ಯಾಂಶ: ಕೋಳಿ ಆಹಾರದ ‘ನ್ಯಾನೋ ಪುಡಿ’ ಮೊಟ್ಟೆಯಿಂದ ನಮ್ಮ ರಕ್ತಕ್ಕೆ ಇಳಿಯುತ್ತದೆಯೇ?

‘ಕೋಳಿಗೆ ನ್ಯಾನೋ ಲೋಹ ತಿನ್ನಿಸುತ್ತಾರೆ, ಆ ಕಣಗಳು ಮೊಟ್ಟೆಯಲ್ಲಿ ಹಾಗೇ ಉಳಿದು ನಮ್ಮ ರಕ್ತ ಸೇರುತ್ತವೆ, ಎಲ್ಲರಿಗೂ ಕಳಿಸಿ’ ಎಂಬ ಸಂದೇಶ ಮತ್ತೆ ಮತ್ತೆ ಬರುತ್ತಿದೆ. ಹೆದರಿಸುವ ಹೆಸರು, ನಿಜ. ಆದರೆ ‘ನ್ಯಾನೋ’ ಎಂಬುದು ಗಾತ್ರದ ಮಾತಷ್ಟೇ. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) ಅಳತೆಯ ಕಣಗಳಿಗೆ ಹಾಗೆನ್ನುತ್ತಾರೆ.

ಸತುವನ್ನೇ, ಅಂದರೆ ಜಿಂಕ್ ಅನ್ನೇ ನೋಡಿ. ಅದು ಕೋಳಿಗೆ ಬೇಕೇ ಬೇಕು: ಗರಿ, ಮೂಳೆ, ರೋಗನಿರೋಧಕ ಶಕ್ತಿ ಎಲ್ಲಕ್ಕೂ. ಮೊಟ್ಟೆಯ ಚಿಪ್ಪು ಕಟ್ಟುವಾಗ ಕಾರ್ಬೊನೇಟ್ ಒದಗಿಸಲು ನೆರವಾಗುವ ಕಿಣ್ವದ ಒಳಗೂ ಸತುವೇ ಇದೆ. ಹಾಗಾಗಿ ಜಿಂಕ್ ಆಕ್ಸೈಡನ್ನೋ ಜಿಂಕ್ ಸಲ್ಫೇಟನ್ನೋ ಆಹಾರಕ್ಕೆ ಬೆರೆಸುವುದು ಹಳೆಯ ರೂಢಿ. ತೊಂದರೆ ಏನೆಂದರೆ, ಅದರಲ್ಲಿ ಬಹುಪಾಲು ಹಿಕ್ಕೆಯಲ್ಲಿ ಹೊರಬಿದ್ದು ಗೊಬ್ಬರದ ಮೂಲಕ ಮಣ್ಣಿನಲ್ಲಿ ಕೂಡುತ್ತದೆ. ಕಣ ಚಿಕ್ಕದಾದರೆ ಮೇಲ್ಮೈ ಹೆಚ್ಚು. ಕಡಿಮೆ ಹಾಕಿದರೂ ಸಾಕಾದೀತು ಎಂಬುದು ನ್ಯಾನೋ ರೂಪದ ಹಿಂದಿನ ಲೆಕ್ಕಾಚಾರ.

ತಿಂದ ಜಿಂಕ್ ಆಕ್ಸೈಡ್ ಕಣ ಕೋಳಿಯ ಜಠರದ ಆಮ್ಲದಲ್ಲಿ ಬಹುಮಟ್ಟಿಗೆ ಕರಗಿ ಸತುವಿನ ಅಯಾನ್ (ವಿದ್ಯುದಾವೇಶವಿರುವ ಪರಮಾಣು) ಆಗುತ್ತದೆ. ಕರಗಿದ ಮೇಲೆ ಅದು ಯಾವ ಪುಡಿಯಿಂದ ಬಂತೆಂದು ಗುರುತಿಸಲಾಗದು. ಮಾಮೂಲಿ ಮೊಟ್ಟೆಯೊಂದರಲ್ಲಿ ಹೇಗೂ ಸುಮಾರು 0.6 ಮಿಲಿಗ್ರಾಂ ಸತುವಿರುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 8ರಿಂದ 11 ಮಿಲಿಗ್ರಾಂ.

ಹಾಗಂತ ‘ನ್ಯಾನೋ ಎಂದರೆ ಪವಾಡ’ ಎನ್ನುವ ಮಾರಾಟದ ಮಾತನ್ನೂ ನಂಬಬೇಕಿಲ್ಲ. ಪ್ರಯೋಗಗಳ ಫಲಿತಾಂಶ ಒಂದೇ ರೀತಿ ಇಲ್ಲ, ಪ್ರಮಾಣ ಮೀರಿದರೆ ಕೋಳಿಗೇ ವಿಷ. ಇನ್ನು ಇಲ್ಲಿಯವರೆಗೆ ಹೇಳಿದ್ದು ಸತುವಿನ ಮಾತು; ಬೆಳ್ಳಿಯ ನ್ಯಾನೋ ಕಣಗಳ ಕಥೆಯಂತೂ ಬೇರೆಯೇ: ಬೆಳ್ಳಿ ಪೋಷಕಾಂಶವೇ ಅಲ್ಲ, ಸತುವಿನಷ್ಟು ಸುಲಭವಾಗಿ ಕರಗುವುದೂ ಇಲ್ಲ.