ಒಂದೇ ಟೆನ್ಸ್ ಅನ್ನೋ ಅರ್ಧ ರೂಲ್

ಇಂಗ್ಲಿಷ್ ವಾಕ್ಯ ಯಾವ ಟೆನ್ಸಿನಲ್ಲಿ ಶುರುವಾಯಿತೋ ಅದರಲ್ಲೇ ಮುಗಿಯಬೇಕು ಅಂತ ನಮ್ಮ ಉಡುಪಿ, ಮಂಗಳೂರು ಕಡೆ ಟ್ಯೂಷನ್‌ಗಳಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರಲ್ಲ, ಅದು ಅರ್ಧ ರೂಲ್. ಇದನ್ನು ನಂಬಿದ ಮಕ್ಕಳು ಸರಿ ಬರೆದದ್ದನ್ನೂ ಅಳಿಸಿ ತಪ್ಪು ಮಾಡುತ್ತಾರೆ.

'ಐ ವೆಂಟ್ ಟು ಮಲ್ಪೆ ಅಂಡ್ ಈಟ್ ಚುರುಮುರಿ' ಅಂತ ಬರೆದರೆ ತಪ್ಪು, ಒಪ್ಪೋಣ. ಆದರೆ ಅದು ದಡ್ಡತನ ಅಲ್ಲ. ಕನ್ನಡದಲ್ಲಿ ನಾವು ಮಲ್ಪೆಗೆ ಹೋಗಿ, ನೀರಲ್ಲಿ ಆಡಿ, ಚುರುಮುರಿ ತಿಂದು, ಕತ್ತಲಾಗುವ ಮೊದಲು ಮನೆಗೆ ಬಂದೆವು ಅನ್ನುತ್ತೇವೆ. ಹೋಗಿ, ಆಡಿ, ತಿಂದು, ಯಾವುದಕ್ಕೂ ಸ್ವಂತ ಕಾಲ ಇಲ್ಲ. ಕೊನೆಯ 'ಬಂದೆವು' ಒಂದೇ ಎಲ್ಲರ ಟಿಕೆಟ್ ತೆಗೆಯುತ್ತದೆ. ಇಂಗ್ಲಿಷಿನಲ್ಲಿ 'ಅಂಡ್' ಹಾಕಿ ಜೋಡಿಸಿದರೆ ಪ್ರತಿಯೊಬ್ಬರೂ ತಮ್ಮ ಟಿಕೆಟ್ ತಾವೇ ತೆಗೆಯಬೇಕು: ವೆಂಟ್, ಪ್ಲೇಯ್ಡ್, ಏಟ್, ಕೇಮ್. ಇಷ್ಟು ಹೇಳಿಕೊಡಲು ಎಷ್ಟು ಹೊತ್ತು ಬೇಕು ಹೇಳಿ!

ಹಾಗಾದರೆ 'ಹೀ ಲೆಫ್ಟ್ ಫಾರ್ ಮಂಗಳೂರು ಯೆಸ್ಟರ್‌ಡೇ ಅಂಡ್ ವಿಲ್ ರಿಟರ್ನ್ ಟುಮಾರೊ' ತಪ್ಪಾ? ಎರಡು ಟೆನ್ಸ್ ಇದೆ, ವಾಕ್ಯ ಸರಿಯಾಗೇ ಇದೆ. ಹೋದದ್ದು ನಿನ್ನೆ, ಬರುವುದು ನಾಳೆ. ಕಾಲ ಬದಲಾಗದೆ ಸುಮ್ನೆ ಟೆನ್ಸ್ ಹಾರಿದರೆ ಮಾತ್ರ ತಪ್ಪು.

ಬೇರೆಯವರ ಮಾತು ಹೇಳುವಾಗ ಇನ್ನೊಂದು ಗಲಾಟೆ. ನಮ್ಮಲ್ಲಿ 'ಬರ್ತೇನೆ ಅಂತ ಹೇಳಿದ' ಅಂದರೆ ಮುಗೀತು, ಅವನ ಮಾತು ಇದ್ದ ಹಾಗೇ ಇರುತ್ತದೆ. ಇಂಗ್ಲಿಷಿನಲ್ಲಿ 'ಸೆಡ್' ಬಂದ ಕೂಡಲೇ 'ವಿಲ್' ಸಾಮಾನ್ಯವಾಗಿ 'ವುಡ್' ಆಗುತ್ತದೆ. ಆದರೆ ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅಂತ ಟೀಚರ್ ಹೇಳಿದರು ಅನ್ನುವಾಗ 'ಗೋಸ್' ಹಾಗೇ ಉಳಿಯಬಹುದು, ಭೂಮಿ ಇನ್ನೂ ತಿರುಗುತ್ತಲೇ ಇದೆಯಲ್ವಾ. ನಾಳೆ ಮಳೆ ಬಂದರೆ ಅನ್ನುವುದಕ್ಕೆ 'ಇಫ್ ಇಟ್ ರೇನ್ಸ್', 'ವಿಲ್ ರೇನ್' ಅಲ್ಲ. ಒಂದೇ ಟೆನ್ಸ್ ರೂಲ್ ಇಲ್ಲೆಲ್ಲ ಏನು ಮಾಡುತ್ತದೆ?

ನನಗೆ ಜಾಸ್ತಿ ಸಿಟ್ಟು ಬರುವುದು ತುಳು ಮನೆಯ ಮಕ್ಕಳ ವಿಷಯದಲ್ಲಿ. 'ಆಯೆ ಬತ್ತೆ' ಬೇರೆ, 'ಆಯೆ ಬೈದೆ' ಬೇರೆ. ಮೊದಲನೆಯದು 'ಕೇಮ್', ಎರಡನೆಯದು 'ಹ್ಯಾಸ್ ಕಮ್'. ಶಾಲೆಗೆ ಸೇರುವ ಮೊದಲೇ ಮಗುವಿಗೆ ಈ ವ್ಯತ್ಯಾಸ ಗೊತ್ತು. ಆದರೂ ಈ 'ಹ್ಯಾಸ್ ಕಮ್'ಗೆ ಪ್ರೆಸೆಂಟ್ ಪರ್ಫೆಕ್ಟ್ ಅಂತ ಬೋರ್ಡಿನ ಮೇಲೆ ಬರೆದು ಹೆದರಿಸುತ್ತೇವೆ. ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯ ಮಿಷನರಿ ಬ್ರಿಗೆಲ್ 1872ರಲ್ಲೇ ತುಳು ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು, ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ. ಹೊರಗಿಂದ ಬಂದವರು ಎರಡೂ ಭಾಷೆ ಅಕ್ಕಪಕ್ಕ ಇಟ್ಟುಕೊಂಡು ಕಲಿತರು. ನಾವು ನೋಡಿದರೆ ಇಂಗ್ಲಿಷ್ ಕ್ಲಾಸಿನಲ್ಲಿ ತುಳು ಮಾತಾಡಿದ ಮಗುವಿಗೆ ಫೈನ್ ಹಾಕುತ್ತೇವೆ.