ಸತ್ಯಾಂಶ: ಗ್ಲಾಡಿಯೇಟರ್ ಕಾಳಗ ಎಟ್ರಸ್ಕನ್ನರಿಂದ ಬಂದದ್ದೇ?

ರೋಮಿನ ಗ್ಲಾಡಿಯೇಟರ್ ಕಾಳಗವನ್ನು, ಅಂದರೆ ಜನರೆದುರು ನಡೆಯುತ್ತಿದ್ದ ಸಶಸ್ತ್ರ ಜೋಡಿಗಳ ಹೋರಾಟವನ್ನು, ಮಧ್ಯ ಇಟಲಿಯ ಪ್ರಾಚೀನ ಜನಾಂಗವಾದ ಎಟ್ರಸ್ಕನ್ನರೇ ಹುಟ್ಟುಹಾಕಿದರು, ಅವರ ಗೋರಿಯ ಚಿತ್ರವೇ ಅದಕ್ಕೆ ಸಾಕ್ಷಿ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಚಿತ್ರ ನಿಜವಾದದ್ದೇ, ಅದಕ್ಕೆ ಹಚ್ಚಿದ ಅರ್ಥ ಮಾತ್ರ ನಿಲ್ಲುವಂಥದ್ದಲ್ಲ. ಇಟಲಿಯ ತಾರ್ಕ್ವಿನಿಯಾದಲ್ಲಿರುವ, ಕ್ರಿ.ಪೂ. 6ನೇ ಶತಮಾನದ ಉತ್ತರಾರ್ಧಕ್ಕೆ ಸೇರಿದ ‘ಶಕುನಗಾರರ ಗೋರಿ’ಯ ಗೋಡೆಯ ಮೇಲೆ, ಮುಖವಾಡ ತೊಟ್ಟ ಫೆರ್ಸು ಎಂಬಾತ ಹಗ್ಗ ಹಿಡಿದು ನಾಯಿಯನ್ನು ಛೂ ಬಿಟ್ಟಿದ್ದಾನೆ, ಎದುರಿನವನ ತಲೆಗೆ ಚೀಲ ಮುಸುಕಿದೆ, ಕೈಯಲ್ಲಿ ದೊಣ್ಣೆಯಿದೆ, ಮೈಯಿಂದ ರಕ್ತ ಸುರಿಯುತ್ತಿದೆ. ಇದು ಶಿಕ್ಷೆಯೋ ಅಂತ್ಯಕ್ರಿಯೆಯ ಆಚರಣೆಯೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ, ಆದರೆ ಇಬ್ಬರು ಸಶಸ್ತ್ರ ಸಮಬಲರ ದ್ವಂದ್ವವಂತೂ ಅಲ್ಲ. ಅದೇ ಗೋರಿಯಲ್ಲಿ ಇಬ್ಬರು ಕುಸ್ತಿಪಟುಗಳು ಕೈಗೆ ಕೈ ಕೊಟ್ಟು ಸೆಣಸುತ್ತಿದ್ದು, ಅವರ ನಡುವೆ ಮೂರು ಲೋಹದ ಬೋಗುಣಿಗಳನ್ನು, ಬಹುಶಃ ಗೆದ್ದವನ ಬಹುಮಾನವನ್ನು, ಒಂದರ ಮೇಲೊಂದು ಪೇರಿಸಲಾಗಿದೆ. ಸಂದೇಶ ಇದರ ಸುದ್ದಿಯನ್ನೇ ಎತ್ತುವುದಿಲ್ಲ.

ಎಟ್ರಸ್ಕನ್ ಮೂಲದ ಮಾತನ್ನು ಹೇಳಿದವನು ಗ್ರೀಕ್ ಭಾಷೆಯ ಇತಿಹಾಸಕಾರ ಡಮಾಸ್ಕಸ್‌ನ ನಿಕೊಲಾಸ್; ಆತ ಬರೆದದ್ದು ಆ ಚಿತ್ರಕ್ಕಿಂತ ಸುಮಾರು 500 ವರ್ಷ ಈಚೆಗೆ. ಕಾಳಗದ ಮೂಲಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ದಕ್ಷಿಣ ಇಟಲಿಯ ಪೇಸ್ಟಮ್‌ನ ಕ್ರಿ.ಪೂ. 4ನೇ ಶತಮಾನದ ಗೋರಿಗಳಲ್ಲಿದ್ದು, ಅಲ್ಲಿ ಈಟಿ, ಗುರಾಣಿ ಹಿಡಿದ ಜೋಡಿಗಳು ಕಾದಾಡುತ್ತವೆ. ರೋಮ್ ನಗರದಲ್ಲಿ ಇಂಥ ಕಾಳಗದ ಮೊದಲ ದಾಖಲೆ ಕ್ರಿ.ಪೂ. 264ರದು. ಎಟ್ರಸ್ಕನ್ನರಿಗೆ ರೋಮ್ ಋಣಿಯಾಗಿದ್ದುದು ಬೇರೆ ಆಟಗಳಲ್ಲಿ: ಕುದುರೆಗಳನ್ನೂ ಮುಷ್ಟಿಕಾಳಗದವರನ್ನೂ ಹೆಚ್ಚಾಗಿ ಅವರ ನಾಡಾದ ಎಟ್ರೂರಿಯಾದಿಂದಲೇ ಕರೆಸಲಾಗಿತ್ತೆಂದು ಇತಿಹಾಸಕಾರ ಲಿವಿ ಬರೆದಿದ್ದಾನೆ.